ಮಿಸೌರಿಯ ಮತಪತ್ರದಲ್ಲಿ ಎರಡು ಉತ್ತರ

2024ರ ನವೆಂಬರ್ 5ರಂದು ಮಿಸೌರಿ ರಾಜ್ಯದಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಶೇ 58ರಷ್ಟು ಮತ ಬಿತ್ತು. ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಕನಿಷ್ಠ ವೇತನವನ್ನು ಗಂಟೆಗೆ 15 ಡಾಲರಿಗೆ ಏರಿಸಿ, ಕಾಯಿಲೆ ಬಿದ್ದ ಕೆಲಸಗಾರರಿಗೆ ಸಂಬಳಸಹಿತ ರಜೆ ಕೊಡಬೇಕೆ? ಶೇ 57ಕ್ಕೂ ಹೆಚ್ಚು ಜನ ಕೊಡಬೇಕು ಎಂದರು. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯೂ ಸುಮಾರು ಶೇ 52 ಮತದೊಂದಿಗೆ ಗೆದ್ದಿತು. ಈ ಎರಡೂ ಪ್ರಸ್ತಾವಗಳು ರಾಜ್ಯವನ್ನು ಆಳುವ ರಿಪಬ್ಲಿಕನ್ ನಾಯಕರಿಗೆ ಬೇಡವಾಗಿದ್ದವು. ಟ್ರಂಪ್ ಅವರಿಗೂ ಅವರ ಪಕ್ಷದವರಿಗೂ ಮತ ಹಾಕಿದ ಕೈಗಳೇ, ಕೆಳಗಿನ ಸಾಲಿಗೆ ಬಂದಾಗ ಆ ಪಕ್ಷದ ಮಾತನ್ನು ಪಕ್ಕಕ್ಕಿಟ್ಟವು.

ನಾನು ಸೇಂಟ್ ಲೂಯಿಸ್ ನಗರದ ಹೊರವಲಯದಲ್ಲಿ ಸಂಸಾರ ಮಾಡಿಕೊಂಡಿರುವವನು. ಊರು ಅರಕಲಗೂಡು ತಾಲ್ಲೂಕಿನಲ್ಲಿ. ಬರುವ ನವೆಂಬರ್ 3ಕ್ಕೆ ಇಲ್ಲಿ ಮಧ್ಯಂತರ ಚುನಾವಣೆ. ನಮ್ಮಲ್ಲಿ ಸರ್ಕಾರ ಬಿದ್ದಾಗ ನಡೆಯುವ ಮಧ್ಯಂತರ ಚುನಾವಣೆಯಂಥದ್ದಲ್ಲ ಇದು. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಟ್ಟನಡುವೆ ತಪ್ಪದೆ ಬರುತ್ತದೆ. ಪ್ರತಿನಿಧಿ ಸಭೆಯ 435 ಸ್ಥಾನಕ್ಕೂ, ಸೆನೆಟ್ಟಿನ 35 ಸ್ಥಾನಕ್ಕೂ ಮತದಾನ. 1934ರಿಂದ ಇಲ್ಲಿಯವರೆಗೆ ಇಂಥ ಚುನಾವಣೆಯಲ್ಲಿ ಅಧ್ಯಕ್ಷರ ಪಕ್ಷ ಪ್ರತಿನಿಧಿ ಸಭೆಯ ಸ್ಥಾನ ಹೆಚ್ಚಿಸಿಕೊಂಡದ್ದು ಮೂರೇ ಸಲ: 1934, 1998, 2002. 2010ರಲ್ಲಿ ಒಬಾಮಾ ಅವರ ಪಕ್ಷ 63 ಸ್ಥಾನ ಕಳೆದುಕೊಂಡಿತು. 2018ರಲ್ಲಿ ಟ್ರಂಪ್ ಅವರ ಪಕ್ಷ ಸುಮಾರು 40. ಈ ಲೆಕ್ಕಾಚಾರ ಟಿ.ವಿ.ಯಲ್ಲಿ ದಿನವೂ ನಡೆಯುತ್ತದೆ. ಅದರ ಜೊತೆಗೇ ಒಂದು ಮಾತು ಕೇಳಿಬರುತ್ತದೆ, ಅಮೆರಿಕ ಎರಡಾಗಿ ಸೀಳಿಹೋಗಿದೆ ಎಂದು. ಊರಿನಿಂದ ಫೋನ್ ಮಾಡುವ ನೆಂಟರೂ ಇದನ್ನೇ ಕೇಳುತ್ತಾರೆ.

ನನಗೆ ಕಾಣುವುದೇ ಬೇರೆ. ಪಕ್ಷದ ಹೆಸರು ಕೇಳಿದರೆ ಇಲ್ಲಿನ ಜನ ಇಬ್ಭಾಗವಾಗುತ್ತಾರೆ, ನಿಜ. ಹೆಸರು ಹೇಳದೆ ವಿಷಯವನ್ನಷ್ಟೇ ಮುಂದಿಟ್ಟರೆ ಬಹುಪಾಲು ಜನ ಒಂದೇ ಕಡೆ ಬಂದು ನಿಲ್ಲುತ್ತಾರೆ. ಮಿಸೌರಿಯಲ್ಲಿದ್ದು ಇದನ್ನು ನೋಡದೇ ಇರುವುದು ಕಷ್ಟ, ಏಕೆಂದರೆ ಇಲ್ಲಿ 1908ರಿಂದಲೇ ಜನರು ಸಹಿ ಸಂಗ್ರಹಿಸಿ ಕಾನೂನಿನ ಪ್ರಸ್ತಾವವನ್ನು ನೇರವಾಗಿ ಮತಪತ್ರಕ್ಕೆ ತರಬಹುದು. ಶಾಸಕರ ಅಪ್ಪಣೆ ಬೇಕಿಲ್ಲ. ಪ್ರಶ್ನೆಯ ಪಕ್ಕದಲ್ಲಿ ರಿಪಬ್ಲಿಕನ್ನರ ಆನೆ, ಡೆಮಾಕ್ರಾಟರ ಕತ್ತೆ ಯಾವುದೂ ಇರುವುದಿಲ್ಲ. ಹೌದು, ಅಲ್ಲ ಎಂಬ ಎರಡೇ ಮನೆ.

2018ರ ಮಧ್ಯಂತರವನ್ನೇ ನೋಡಿ. ಆ ದಿನ ಇಲ್ಲಿನ ಡೆಮಾಕ್ರಟಿಕ್ ಸೆನೆಟರ್ ಕ್ಲೇರ್ ಮೆಕಾಸ್ಕಿಲ್ ಸೋತರು, ರಿಪಬ್ಲಿಕನ್ ಪಕ್ಷದ ಜಾಶ್ ಹಾಲಿ ಗೆದ್ದರು. ಅದೇ ದಿನ ಕನಿಷ್ಠ ವೇತನ ಏರಿಸುವ ಪ್ರಸ್ತಾವಕ್ಕೆ ಶೇ 62 ಮತ. ಕ್ಷೇತ್ರಗಳ ಗಡಿಯನ್ನು ಪಕ್ಷಪಾತವಿಲ್ಲದೆ ಗುರುತಿಸಬೇಕೆಂಬ ತಿದ್ದುಪಡಿಗೂ ಶೇ 62. ಮೂರು ತಿಂಗಳ ಹಿಂದೆ, ಆಗಸ್ಟಿನಲ್ಲಿ, ಕಾರ್ಮಿಕ ಸಂಘಗಳ ಬಲ ಕುಗ್ಗಿಸುವ ಕಾನೂನನ್ನು ಮೂರರಲ್ಲಿ ಎರಡು ಪಾಲು ಮತದಾರರು ತಿರಸ್ಕರಿಸಿದ್ದರು. 2020ರಲ್ಲಿ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ವಿಸ್ತರಣೆಗೂ ಜನ ಒಪ್ಪಿಗೆ ಕೊಟ್ಟರು. 1904ರಿಂದ 2004ರವರೆಗೆ, 1956 ಒಂದನ್ನು ಬಿಟ್ಟರೆ, ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಗೆದ್ದವರ ಕಡೆಗೇ ಇದ್ದ ರಾಜ್ಯ ಇದು. ಈಗ ಇದನ್ನು ಕಡುಗೆಂಪು ರಾಜ್ಯ ಎನ್ನುತ್ತಾರೆ; ಕೆಂಪು ಇಲ್ಲಿ ರಿಪಬ್ಲಿಕನ್ನರ ಬಣ್ಣ. ಆ ಬಣ್ಣದೊಳಗೆ ಇಷ್ಟೆಲ್ಲ ಇದೆ ಎಂಬುದು ನಕ್ಷೆ ನೋಡಿದವರಿಗೆ ತಿಳಿಯುವುದಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಕ್ಷೇತ್ರ ಮರುವಿಂಗಡಣೆಯ ಸುಧಾರಣೆಯನ್ನು ಶಾಸಕರು 2020ರಲ್ಲಿ ಇನ್ನೊಂದು ತಿದ್ದುಪಡಿ ತಂದು, ಕೂದಲೆಳೆಯ ಅಂತರದಲ್ಲಿ ರದ್ದು ಮಾಡಿಸಿದರು. ಮೆಡಿಕೇಡ್ ವಿಸ್ತರಣೆಗೆ 2021ರಲ್ಲಿ ಹಣವನ್ನೇ ಇಡಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಮಧ್ಯೆ ಬರಬೇಕಾಯಿತು. ಸಂಬಳಸಹಿತ ಅನಾರೋಗ್ಯ ರಜೆ 2025ರ ಮೇ 1ಕ್ಕೆ ಜಾರಿಗೆ ಬಂತು, ಆಗಸ್ಟ್ 28ಕ್ಕೆ ಇಲ್ಲವಾಯಿತು. ಶೇ 57 ಮತದಿಂದ ಬಂದ ಕಾನೂನನ್ನು ಅದೇ ಮತದಾರರು ಆರಿಸಿದ ಶಾಸಕರು ನಾಲ್ಕು ತಿಂಗಳೂ ಉಳಿಸಲಿಲ್ಲ. ನಮ್ಮ ಬೀದಿಯಲ್ಲಿ ಕಾರು ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಮಗಳಿಗೆ ವೃದ್ಧಾಶ್ರಮದಲ್ಲಿ ಕೆಲಸ. ಅವಳಿಗಾಗಿಯೇ ಆ ರಜೆಗೆ ಮತ ಹಾಕಿದ್ದೆ ಎಂದರು. ರದ್ದು ಮಾಡಿದವರ ಮೇಲೆ ಬಹಳ ಹೊತ್ತು ಕೋಪ ತೋರಿಸಿದರು. ಹಾಗಾದರೆ ಮುಂದಿನ ಸಲ ಬೇರೆಯವರಿಗೆ ಹಾಕುತ್ತೀರಾ ಎಂದು ಕೇಳಿದೆ. ಡೆಮಾಕ್ರಾಟರಿಗೆ ಹಾಕುವ ಯೋಚನೆಯೇ ಅವರಿಗೆ ಸಾಧ್ಯವಿರಲಿಲ್ಲ. ಅವರ ತಲೆಯಾಡಿಸುವಿಕೆಯಲ್ಲಿ ಲೆಕ್ಕಾಚಾರ ಇರಲಿಲ್ಲ, ನಾನು ಅವರ ಮನೆತನದ ವಿಚಾರಕ್ಕೆ ಕೈ ಹಾಕಿದೆನೇನೋ ಎಂಬಂಥ ಬಿಗುವು ಇತ್ತು.

ಪಕ್ಷ ಇಲ್ಲಿ ಅಭಿಪ್ರಾಯವಾಗಿ ಉಳಿದಿಲ್ಲ, ಕುಲವಾಗಿಬಿಟ್ಟಿದೆ. 1960ರಲ್ಲಿ ಅಮೆರಿಕನ್ನರನ್ನು ಒಂದು ಸಮೀಕ್ಷೆಯಲ್ಲಿ ಕೇಳಿದ್ದರು: ನಿಮ್ಮ ಮಗನೋ ಮಗಳೋ ಇನ್ನೊಂದು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದೆಯೇ? ಆಗ ಹೌದೆಂದವರು ಶೇ 5ರ ಆಸುಪಾಸು. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಾಟರಲ್ಲಿ ಮೂರನೇ ಒಂದು ಪಾಲು ಜನ ಅದು ತಮಗೆ ಒಗ್ಗದು ಎಂದರು. ಸಂಬಂಧ ಹುಡುಕುವಾಗ ಮೊದಲು ಏನು ವಿಚಾರಿಸುತ್ತಾರೆಂದು ಬಲ್ಲ ನಮ್ಮಂಥವರಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕುಲವಾದ ಮೇಲೆ ಕಣ್ಣಿಗೆ ಕಾಣುವುದೂ ಬದಲಾಗುತ್ತದೆ. ದೇಶದ ಆರ್ಥಿಕ ಸ್ಥಿತಿ ಹೇಗಿದೆ ಎಂದು ಗ್ಯಾಲಪ್ ಸಂಸ್ಥೆ ವರ್ಷಗಳಿಂದ ಕೇಳುತ್ತ ಬಂದಿದೆ. 2016ರ ಚುನಾವಣೆ ಮುಗಿದ ಕೆಲವೇ ದಿನಗಳಲ್ಲಿ ರಿಪಬ್ಲಿಕನ್ನರ ಉತ್ತರ ಕತ್ತಲಿನಿಂದ ಬೆಳಕಿಗೆ ಹೊರಳಿತು, ಡೆಮಾಕ್ರಾಟರದ್ದು ಬೆಳಕಿನಿಂದ ಕೆಳಗಿಳಿಯಿತು. ಅಂಗಡಿಯಲ್ಲಿ ಹಾಲು ಮೊಟ್ಟೆಯ ದರ ಆ ವಾರ ಬದಲಾಗಿರಲಿಲ್ಲ. ಗ್ಯಾಲಪ್ ಕೇಳಿದಾಗ ಶೇ 40ಕ್ಕೂ ಹೆಚ್ಚು ಜನ ತಾವು ಯಾವ ಪಕ್ಷದವರೂ ಅಲ್ಲ ಎನ್ನುತ್ತಾರೆ, ಅವರಲ್ಲಿ ಬಹುತೇಕರು ಮತ ಹಾಕುವಾಗ ಮಾತ್ರ ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತಾರೆ.

ಜನರ ಸ್ವಭಾವವನ್ನು ಮಾತ್ರ ದೂರಿ ಸುಮ್ಮನಾಗುವುದು ಸರಿಯಲ್ಲ. ವ್ಯವಸ್ಥೆಯೇ ಈ ಕುಲಾಭಿಮಾನಕ್ಕೆ ಗೊಬ್ಬರ ಹಾಕುತ್ತದೆ. ಇಲ್ಲಿ ಟಿಕೆಟ್ ಹಂಚುವ ಹೈಕಮಾಂಡ್ ಇಲ್ಲ. ಅಭ್ಯರ್ಥಿಯನ್ನು ಪ್ರೈಮರಿ ಎಂಬ ಮೊದಲ ಸುತ್ತಿನ ಮತದಾನದಲ್ಲಿ ಮತದಾರರೇ ಆರಿಸುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಬಿ ಫಾರಂಗಾಗಿ ಅಲೆಯುವುದನ್ನು ನೋಡಿ ಬೆಳೆದ ನನಗೆ ಇದು ಎಷ್ಟೋ ಮೇಲು ಎಂದು ಬಹುಕಾಲ ಅನಿಸಿತ್ತು, ತತ್ವವಾಗಿ ಈಗಲೂ ಅನಿಸುತ್ತದೆ. ಆದರೆ ಆಗಸ್ಟಿನ ಪ್ರೈಮರಿಗೆ ಬರುವವರು ನವೆಂಬರಿಗೆ ಬರುವವರಿಗಿಂತ ಎಷ್ಟೋ ಕಡಿಮೆ, ಬರುವವರು ಕಟ್ಟಾ ಪಕ್ಷನಿಷ್ಠರು. ಒಂದೇ ಪಕ್ಷ ಗೆಲ್ಲುವ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ಅವತ್ತೇ ಮುಗಿದಿರುತ್ತದೆ. 2021ರ ಜನವರಿಯಲ್ಲಿ ಟ್ರಂಪ್ ವಿರುದ್ಧದ ವಾಗ್ದಂಡನೆಗೆ ಮತ ಹಾಕಿದ ರಿಪಬ್ಲಿಕನ್ ಪ್ರತಿನಿಧಿಗಳು ಹತ್ತು ಮಂದಿ. ಅವರಲ್ಲಿ ನಾಲ್ವರು ಮತ್ತೆ ನಿಲ್ಲಲಿಲ್ಲ. ವಯೋಮಿಂಗ್‌ನ ಲಿಜ್ ಚೇನಿ ಸೇರಿದಂತೆ ನಾಲ್ವರು 2022ರ ಪ್ರೈಮರಿಯಲ್ಲೇ ಸೋತರು. ಉಳಿದವರು ಇಬ್ಬರೇ, ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವೊ ಮತ್ತು ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್. ಈ ಎರಡೂ ರಾಜ್ಯಗಳಲ್ಲಿ ಎಲ್ಲ ಪಕ್ಷದ ಅಭ್ಯರ್ಥಿಗಳೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಎಲ್ಲ ಮತದಾರರೂ ಮತ ಹಾಕುತ್ತಾರೆ, ಮೊದಲ ಇಬ್ಬರು ನವೆಂಬರಿಗೆ ಹೋಗುತ್ತಾರೆ. ಅದೇ ಪದ್ಧತಿಯಲ್ಲಿ ಸೋತವರೂ ಒಬ್ಬರಿದ್ದಾರೆ, ಆದ್ದರಿಂದ ಇದು ಸರ್ವರೋಗಕ್ಕೂ ಮದ್ದು ಎನ್ನಲಾರೆ. ಆದರೂ ಉಳಿದ ಇಬ್ಬರೂ ಅಲ್ಲಿಂದಲೇ ಬಂದದ್ದು ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಸಂಸದರು ವಿಪ್ ಮೀರಿ ಮತ ಹಾಕಿದರೆ ಸ್ಥಾನಕ್ಕೇ ಕುತ್ತು. ಇಲ್ಲಿ ಅಂಥ ಕಾನೂನಿಲ್ಲ. ಸದಸ್ಯ ತನ್ನ ಮನಸ್ಸಿಗೆ ಬಂದಂತೆ ಮತ ಹಾಕಲು ಪೂರ್ತಿ ಸ್ವತಂತ್ರ. ಆ ಸ್ವಾತಂತ್ರ್ಯವನ್ನು ಬಳಸುವ ಧೈರ್ಯ ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ.

ಗಡಿ ಗೀಚುವ ವಿಷಯದಲ್ಲಿ ಎರಡೂ ಪಕ್ಷಗಳು ತಪ್ಪಿತಸ್ಥರು. ಜನಗಣತಿ ಆದ ಮೇಲೆ ಹತ್ತು ವರ್ಷಕ್ಕೊಮ್ಮೆ ಕ್ಷೇತ್ರ ಮರುವಿಂಗಡಣೆ ಮಾಡುವುದು ರೂಢಿ. 2025ರಲ್ಲಿ ಟೆಕ್ಸಸ್ ಆ ರೂಢಿ ಮುರಿದು, ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಸಿಗುವಂತೆ ಹೊಸ ನಕ್ಷೆ ಮಾಡಿತು. ಕ್ಯಾಲಿಫೋರ್ನಿಯಾ ತನ್ನ ಸ್ವತಂತ್ರ ಆಯೋಗದ ನಕ್ಷೆಯನ್ನು ಬದಿಗಿಟ್ಟು, ಡೆಮಾಕ್ರಾಟರಿಗೆ ಅಷ್ಟೇ ಸ್ಥಾನ ಸಿಗುವಂತೆ ನವೆಂಬರಿನಲ್ಲಿ ಜನರಿಂದಲೇ ಒಪ್ಪಿಗೆ ಪಡೆಯಿತು. ನಮ್ಮ ಮಿಸೌರಿಯೂ ಹಿಂದೆ ಬೀಳಲಿಲ್ಲ. ಎಂಟು ಸ್ಥಾನಗಳಲ್ಲಿ ಡೆಮಾಕ್ರಾಟರ ಬಳಿ ಇದ್ದ ಎರಡರಲ್ಲಿ ಒಂದನ್ನು ಕಸಿಯಲು ಕ್ಯಾನ್ಸಸ್ ಸಿಟಿಯನ್ನು ಹೋಳು ಮಾಡಿ ಸುತ್ತಲ ಹಳ್ಳಿಗಾಡಿಗೆ ಹಂಚಿದರು. ಆ ನಕ್ಷೆ ಜನರ ಮುಂದೆ ಬರಲಿ ಎಂದು ಡಿಸೆಂಬರಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಹಿ ಸಲ್ಲಿಕೆಯಾದವು. ನನಗೆ ಸಮಾಧಾನ ಕೊಟ್ಟ ಸುದ್ದಿ ಇಂಡಿಯಾನಾದಿಂದ ಬಂತು. ರಿಪಬ್ಲಿಕನ್ನರೇ ತುಂಬಿದ ಅಲ್ಲಿನ ರಾಜ್ಯ ಸೆನೆಟ್, ಅಧ್ಯಕ್ಷರ ಒತ್ತಡಕ್ಕೆ ಬಗ್ಗದೆ ಡಿಸೆಂಬರಿನಲ್ಲಿ ಇಂಥದ್ದೇ ನಕ್ಷೆಯನ್ನು 31–19 ಮತಗಳಿಂದ ತಳ್ಳಿಹಾಕಿತು. ನಮ್ಮ ದೇಶದಲ್ಲಿ ಕ್ಷೇತ್ರಗಳ ಗಡಿ ಹಾಕಲು ನಿವೃತ್ತ ನ್ಯಾಯಮೂರ್ತಿಯ ಆಯೋಗ ಇರುತ್ತದೆ. ದಕ್ಷಿಣದ ರಾಜ್ಯಗಳಿಗೆ ಸ್ಥಾನ ಕಡಿಮೆಯಾದೀತೆಂಬ ಆತಂಕ ಬೇರೆ, ಅದು ನ್ಯಾಯವಾದ ಆತಂಕವೇ. ಆದರೆ ಆಳುವ ಪಕ್ಷದ ಶಾಸಕರೇ ಕುಳಿತು ತಮ್ಮ ಮತದಾರರನ್ನು ಆರಿಸಿಕೊಳ್ಳುವ ಪದ್ಧತಿ ನಮಗೆ ಬಂದಿಲ್ಲ. ಅದನ್ನು ಹೊರಗಿನಿಂದ ನೋಡಿದವನಾಗಿ ಹೇಳುತ್ತೇನೆ, ಬರಗೊಡಲೂ ಬಾರದು.

ಕರ್ನಾಟಕದ ಮತದಾರರ ಬಗ್ಗೆ ನನಗೆ ಹೆಮ್ಮೆ ಇದೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಹೋದವು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಬಂದರು; ಮೂರೇ ತಿಂಗಳಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನ ಕೊಟ್ಟರು. 2013ರಲ್ಲಿ ವಿಧಾನಸಭೆಗೆ ಕಾಂಗ್ರೆಸ್, 2014ರಲ್ಲಿ ಲೋಕಸಭೆಗೆ 17 ಬಿಜೆಪಿ. 2023ರಲ್ಲಿ ಕಾಂಗ್ರೆಸ್ಸಿಗೆ 135, ಮರುವರ್ಷ ಲೋಕಸಭೆಗೆ ಮತ್ತೆ 17 ಬಿಜೆಪಿ. ಈ ಚುನಾವಣೆ ಯಾವುದಕ್ಕೆ, ಯಾರನ್ನು ಎಲ್ಲಿಗೆ ಕಳಿಸುತ್ತಿದ್ದೇವೆ ಎಂದು ವಿಚಾರಿಸಿ ಮತ ಹಾಕುವವರ ಗುರುತು ಇದು. ಇಲ್ಲಿ 2016ರಲ್ಲಿ ಸೆನೆಟ್ ಚುನಾವಣೆ ನಡೆದ ಒಂದೊಂದು ರಾಜ್ಯದಲ್ಲೂ, ಅಧ್ಯಕ್ಷ ಸ್ಥಾನಕ್ಕೆ ಯಾವ ಪಕ್ಷ ಗೆದ್ದಿತೋ ಸೆನೆಟ್ಟಿಗೂ ಅದೇ ಪಕ್ಷ ಗೆದ್ದಿತು. ಸೆನೆಟರುಗಳನ್ನು ಜನ ನೇರವಾಗಿ ಆರಿಸತೊಡಗಿದ ಮೇಲೆ ಹಾಗಾದದ್ದು ಅದೇ ಮೊದಲು.

ನಮ್ಮಲ್ಲಿ ದುಡ್ಡು ಹಂಚುವುದಿಲ್ಲವೇ, ಜಾತಿ ನೋಡುವುದಿಲ್ಲವೇ, 2019ರಲ್ಲಿ ಶಾಸಕರ ಸಾಲು ಸಾಲು ರಾಜೀನಾಮೆಯಿಂದ ಸರ್ಕಾರ ಬೀಳಲಿಲ್ಲವೇ ಎಂದು ಕೇಳಿದರೆ ಎಲ್ಲವೂ ಹೌದು. ಅವುಗಳ ನಡುವೆಯೂ ಪಕ್ಷವನ್ನು ಪಕ್ಷವಾಗಿಯೇ ಕಾಣುವ ಒಂದು ಸ್ವಾತಂತ್ರ್ಯ ಉಳಿದಿದೆ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನ ಪ್ರಕಾರ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಯಾರು ಯಾರ ಕಡೆಯವರು ಎಂಬುದು ಊರಿಗೆಲ್ಲ ಗೊತ್ತಿದ್ದರೂ, ಮತಪತ್ರದಲ್ಲಿ ಇರುವುದು ವ್ಯಕ್ತಿ. ನನ್ನ ಚಿಕ್ಕಪ್ಪನವರು ಜೆಡಿಎಸ್, ಅವರ ಮಗ ಬಿಜೆಪಿ; ಇಬ್ಬರೂ ಸೇರಿ ಬೇರೆ ಪಕ್ಷದ ನೆಂಟನೊಬ್ಬನನ್ನು ಪಂಚಾಯಿತಿಗೆ ಗೆಲ್ಲಿಸಿದ್ದಾರೆ, ಕುಡಿಯುವ ನೀರಿನ ಕೆಲಸ ಮಾಡಿಸುತ್ತಾನೆ ಎಂಬ ಒಂದೇ ಕಾರಣಕ್ಕೆ. ಇಲ್ಲಿಯೂ ಏಪ್ರಿಲ್‌ನಲ್ಲಿ ನಡೆಯುವ ಶಾಲಾ ಮಂಡಳಿಯ ಚುನಾವಣೆಯಲ್ಲಿ ಪಕ್ಷದ ಹೆಸರು ಇರುವುದಿಲ್ಲ. ಆದರೆ ಅಲ್ಲಿಗೂ ಈಚೆಗೆ ಪಕ್ಷದ ಜಗಳ ನುಗ್ಗಿದೆ.

ನನಗೆ ಕಳವಳ ಹುಟ್ಟಿಸುವುದು ನಮ್ಮ ಮನೆತನದ ವಾಟ್ಸ್ಆ್ಯಪ್ ಗುಂಪು. ಐದಾರು ವರ್ಷದಿಂದ ಅಲ್ಲಿ ಬರುವ ಮಾತಿನ ಧಾಟಿ ನನಗೆ ತೀರಾ ಪರಿಚಿತ, ಏಕೆಂದರೆ ಇಲ್ಲಿ ಅದನ್ನು ಮೊದಲೇ ಕೇಳಿದ್ದೇನೆ. ರಸ್ತೆ, ನೀರು, ಅಡಿಕೆ ದರ, ಆಸ್ಪತ್ರೆ ಹಿಂದೆ ಸರಿದು, ಯಾರು ನಮ್ಮವರು, ಯಾರು ದ್ರೋಹಿಗಳು ಎಂಬುದೇ ಮುಂದಾಗಿದೆ. ಇಬ್ಬರು ಅಣ್ಣತಮ್ಮಂದಿರು ಗುಂಪು ಬಿಟ್ಟು ಹೋಗಿದ್ದಾರೆ. ಇನ್ನು ಇಲ್ಲಿನ ನಮ್ಮ ಕನ್ನಡಿಗರ ಕೂಟಗಳಲ್ಲಿ, ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ, ರಾಜಕೀಯ ಬೇಡ ಎಂಬುದು ಅಲಿಖಿತ ನಿಯಮ. ಅದರಿಂದ ಊಟ ಸಾಂಗವಾಗಿ ಮುಗಿಯುತ್ತದೆ. ಆದರೆ ಹತ್ತು ಜನ ಬಲ್ಲವರು ಸೇರಿದ ಕಡೆಯೂ ವೀಸಾ ನೀತಿಯ ಬಗ್ಗೆ, ಶಾಲೆಯ ತೆರಿಗೆಯ ಬಗ್ಗೆ ಬಾಯಿಬಿಟ್ಟು ಮಾತಾಡಲಾಗದಿದ್ದರೆ ಇನ್ನೆಲ್ಲಿ ಮಾತಾಡುವುದು? ಬೆಳಗಾವಿ ಸೀಮೆಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರ ಮಧ್ಯಂತರದಲ್ಲಿ ಮಿಶಿಗನ್‌ನಿಂದ ಪ್ರತಿನಿಧಿ ಸಭೆಗೆ ಗೆದ್ದರು. ಅವರ ನಿಲುವು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ, ಚರ್ಚೆ ಮಾತ್ರ ಒಮ್ಮೆಯೂ ನಡೆದಿಲ್ಲ.

ಮಿಸೌರಿಯ ನವೆಂಬರ್ 3ರ ಮತಪತ್ರದಲ್ಲಿ ಗರ್ಭಪಾತದ ಪ್ರಶ್ನೆ ಮತ್ತೆ ಬರುತ್ತಿದೆ. 2024ರಲ್ಲಿ ಜನ ಕೊಟ್ಟ ಹಕ್ಕನ್ನು ಹಿಂತೆಗೆಯಬೇಕೆಂದು ಶಾಸಕರೇ ತಂದ ಪ್ರಸ್ತಾವ ಅದು. ಲಿಂಗ ಪರಿವರ್ತನೆಯ ಚಿಕಿತ್ಸೆ ಅಪ್ರಾಪ್ತರಿಗೆ ಬೇಡ ಎಂಬ ಬೇರೊಂದು ವಿಷಯವನ್ನೂ ಅದೇ ಪ್ರಶ್ನೆಗೆ ಗಂಟು ಹಾಕಿದ್ದಾರೆ. ನಾನು ಬೇಡ ಎಂದೇ ಗುರುತು ಹಾಕುತ್ತೇನೆ. ಒಮ್ಮೆ ಜನ ತೀರ್ಮಾನಿಸಿದ್ದನ್ನು ಎರಡೇ ವರ್ಷದಲ್ಲಿ ಹೀಗೆ ಕೆದಕುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿನಿಧಿ ಸಭೆ ಯಾರ ಕೈಗೆ ಹೋಯಿತು ಎಂಬುದನ್ನು ಆ ರಾತ್ರಿ ಎಲ್ಲರೂ ನೋಡುತ್ತಾರೆ, ನಾನೂ ನೋಡುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕ್ಯಾನ್ಸಸ್ ಸಿಟಿಯ ಉತ್ತರಕ್ಕಿರುವ ಕ್ಲೇ, ಪ್ಲ್ಯಾಟ್ ಕೌಂಟಿಗಳ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದಿದ್ದೇನೆ: ರಿಪಬ್ಲಿಕನ್ ಅಭ್ಯರ್ಥಿಗಳಿಗೆ ಬಿದ್ದ ಮತ ಎಷ್ಟು, ಆ ಪಕ್ಷದ ಪ್ರಸ್ತಾವಕ್ಕೆ ಬಿದ್ದ ಮತ ಎಷ್ಟು.