ಸತ್ಯಾಂಶ: ಇಂಟರ್ನೆಟ್ ವಿಳಾಸಗಳು ಒಂದೇ ಸರ್ಕಾರದ ಕೈಯಲ್ಲಿವೆಯೇ?

ಇಂಟರ್ನೆಟ್ ವಿಳಾಸಗಳೆಲ್ಲ ಅಮೆರಿಕ ಸರ್ಕಾರದ ಹಿಡಿತದಲ್ಲಿವೆ, ಬೇರೆ ದೇಶದವರಿಗೆ ಓಟೇ ಇಲ್ಲ ಎನ್ನುವ ಸಂದೇಶ ಆಗಾಗ ಬರುತ್ತದೆ. ಇದು ಸರಿಯಲ್ಲ. ಡೊಮೈನ್ ಹೆಸರುಗಳ, ಅಂದರೆ ವೆಬ್ ವಿಳಾಸಗಳ, ಮೂಲ ಪಟ್ಟಿಯ ಮೇಲೆ ಆ ಸರ್ಕಾರದ ಮೇಲ್ವಿಚಾರಣೆ ಇದ್ದದ್ದು ನಿಜ. ಅದಕ್ಕಿದ್ದ ಒಪ್ಪಂದ 2016ರಲ್ಲೇ ಮುಗಿಯಿತು. ಹಳೆಯ ಮಾತು ಇನ್ನೂ ಓಡಾಡುತ್ತಿರುವುದರಿಂದ ಜನ ನಂಬುವುದು ಸಹಜ.

ಈ ಪಟ್ಟಿಯ ಕೆಲಸ ನೋಡಿಕೊಳ್ಳುವುದು ಐಕ್ಯಾನ್ (ICANN) ಎಂಬ, ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ. ಅದರ ಕಚೇರಿ ಕ್ಯಾಲಿಫೋರ್ನಿಯದಲ್ಲಿದೆ, ಅಷ್ಟಕ್ಕೇ ಅದು ಸರ್ಕಾರದ್ದು ಆಗುವುದಿಲ್ಲ ಅಲ್ವಾ? 2000ದಲ್ಲಿ ತನ್ನ ಆಡಳಿತ ಮಂಡಳಿಯ ಕೆಲವು ನಿರ್ದೇಶಕರನ್ನು ಆರಿಸಲು ಅದು ಜಗತ್ತಿನ ಬಳಕೆದಾರರಿಗೆ ನೇರವಾಗಿ ಆನ್‌ಲೈನ್ ಓಟು ಕೊಟ್ಟಿತ್ತು. ಜಗತ್ತಿನ ಐದು ಪ್ರದೇಶ, ತಲಾ ಒಬ್ಬ ನಿರ್ದೇಶಕ. ಒಬ್ಬರೇ ಹಲವು ಹೆಸರಲ್ಲಿ ಸೇರಬಾರದೆಂದು ಗುಪ್ತ ಸಂಖ್ಯೆಯನ್ನು (ಪಿನ್) ಅಂಚೆಯಲ್ಲಿ ಕಳಿಸಿದರು. ಓಟು ಹಾಕಿದವರು ಸುಮಾರು 34,000 ಜನ. ಅಂಥ ಚುನಾವಣೆ ಮತ್ತೆ ನಡೆಯಲಿಲ್ಲ, ಅದು ನನಗೆ ಬೇಸರದ ವಿಷಯವೇ. ಈಗ ಬಳಕೆದಾರರ ಗುಂಪುಗಳೂ ಸೇರಿದಂತೆ ಹಲವು ಸಮುದಾಯಗಳು ನಿರ್ದೇಶಕರನ್ನು ಆರಿಸುತ್ತವೆ. ಸಿಇಒ ಬಿಟ್ಟು, ಒಂದೇ ಪ್ರದೇಶದಿಂದ ಐದಕ್ಕಿಂತ ಜಾಸ್ತಿ ನಿರ್ದೇಶಕರು ಇರುವಂತಿಲ್ಲ.

ಇಂಥ ಸಂದೇಶ ಬಂದಾಗ ಮೊದಲು ಅದರಲ್ಲಿ ಇಸವಿ ಇದೆಯಾ ನೋಡಿ. ಆಮೇಲೆ ಸಂಸ್ಥೆಯ ಉಪನಿಯಮಗಳನ್ನೇ ತೆರೆಯಿರಿ, ಅವು ಎಲ್ಲರಿಗೂ ಸಿಗುತ್ತವೆ. ಓಟು ಯಾರಿಗಿದೆ, ಯಾವ ಗುಂಪಿಗೆ ಎಷ್ಟು ಸೀಟು ಎಂಬುದು ಅಲ್ಲೇ ಬರೆದಿದೆ.