ಸರ್ವೇಗೆ ಒಗ್ಗುವ ಮನೆ

ನೆರೆ ಬರುವ ಊರಲ್ಲಿ ಎಂಥ ಮನೆ ಕಟ್ಟಬೇಕು? ಪ್ರತಿ ಸಲ ಹೊಳೆ ಇಳಿದ ಮೇಲೆ ಈ ಪ್ರಶ್ನೆ ಏಳುತ್ತದೆ. ಪಾಯ ಎತ್ತರಿಸಿ, ಪಿಲ್ಲರ್ ಹಾಕಿ ಎಂದು ಜಾಣರು ಹೇಳುತ್ತಾರೆ. ನಮ್ಮ ಕಾಕಾನ ಲೆಕ್ಕ ಬೇರೆ. ಮನೆ ನೀರಿಗೆ ಒಗ್ಗದಿದ್ದರೂ ನಡೆಯುತ್ತದೆ, ನೆರೆ ಪರಿಹಾರ ಬರೆಯುವ ಸರ್ವೇಗೆ ಒಗ್ಗಬೇಕು.

ಕಾಕಾನ ಊರು ರೋಣ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರುವ ಕಡೆ. ಅತ್ತ ನವಿಲುತೀರ್ಥ ಡ್ಯಾಮಿನ ಗೇಟು ಎತ್ತಿದರೆ ಹೊಳೆ ಬರುತ್ತದೆ. ಇತ್ತ ಹುಬ್ಬಳ್ಳಿ, ನವಲಗುಂದದ ಕಡೆ ಜೋರು ಮಳೆಯಾದರೆ ಹಳ್ಳ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ಬೀಗರು ಬಂದ ಹಾಗೆ, ಹೋಗಿ ಅನ್ನೋಕಾಗಲ್ಲ. 2019ರ ಆಗಸ್ಟ್‌ನಲ್ಲಿ ಬಂದು ಕಾಕಾನ ಮಣ್ಣಿನ ಮನೆಯಲ್ಲಿ ಸೊಂಟದ ಮಟ ಕೂತವು.

ಮಣ್ಣಿನ ಗೋಡೆಗೆ ಒಂದು ಕೆಟ್ಟ ಚಾಳಿ. ನೀರು ನಿಂತಾಗ ಅದೂ ನಿಂತೇ ಇರುತ್ತದೆ. ಬುಡ ಮಾತ್ರ ನೆನೆದು ಹಿಟ್ಟಾಗಿರುತ್ತದೆ. ನೀರು ಇಳಿದು ಎರಡು ಬಿಸಿಲು ಬಿದ್ದ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ ಧೊಪ್ಪನೆ ಕೂರುತ್ತದೆ. ಸರ್ವೇಯವರು ಬಂದಿದ್ದು ಈ ಎರಡರ ನಡುವೆ.

"ಗ್ವಾಡಿ ನಿಂತೈತಲ್ರೀ ಯಜಮಾನ್ರ."

"ನಿಂತಿಲ್ರೀ ಸಾಹೇಬ್ರ, ಬೀಳಾಕ ಹೊತ್ತು ನೋಡಾಕತ್ತೈತಿ. ನಾಡಿದ್ದು ಬರ್ರಿ."

"ನಾಡಿದ್ದು ಬ್ಯಾರೆ ಊರು ಐತ್ರೀ."

ಫೋಟೋ ಹೊಡೆದರು. 'ಸಿ' ಅಂತ ಬರೆದರು. ಆಗಿನ ಲೆಕ್ಕದಲ್ಲಿ ಸಿ ಅಂದರೆ ಸ್ವಲ್ಪ ಹಾನಿ, 50,000 ರೂಪಾಯಿ. ಪೂರ್ತಿ ಬಿದ್ದ 'ಎ' ಮನೆಗೆ 5 ಲಕ್ಷ. ನಾಲ್ಕನೇ ದಿನ ರಾತ್ರಿ ಹಿತ್ತಲ ಗೋಡೆ ಹೋಯಿತು, ಅದರ ಹಿಂದೆ ಜಂತಿ, ಜಂತಿಯ ಜೊತೆ ಮೇಲ್ಮುದ್ದೆಯ ಮಣ್ಣೆಲ್ಲ. ಮನೆಯವರು ಗಂಜಿ ಕೇಂದ್ರದಲ್ಲಿದ್ದರು, ಬದುಕಿದರು. ಅರ್ಜಿ ಹಿಡಿದು ಹೋದ ಕಾಕಾನಿಗೆ ಅವನದೇ ಮನೆಯ ಫೋಟೋ ತೋರಿಸಿದರು. "ಇಲ್ಲಿ ನಿಂತೈತಿ ನೋಡ್ರಿ. ಆಮ್ಯಾಲ ನೀವ ಕೆಡವಿರಬೇಕು." ಐದು ವರ್ಷದ ಹಿಂದೆಯೇ ಕುಸಿದು, ನಾಯಿ ಮರಿ ಹಾಕುತ್ತಿದ್ದ ಪಕ್ಕದ ಮನೆಗೆ 'ಎ' ಸಿಕ್ಕಿತು. ಬುದ್ಧಿವಂತ ಮನೆ, ಮೊದಲೇ ಬಿದ್ದು ರೆಡಿಯಾಗಿತ್ತು.

ದಿನ್ನೆಯ ಮೇಲೆ ಆಸರೆ ಮನೆ ಇಲ್ವಾ ಅಂತ ಕೇಳಬಹುದು. ಇದೆ. 2009ರ ನೆರೆಯ ನಂತರ ಸಂತ್ರಸ್ತರಿಗೆಂದು ಸರ್ಕಾರದ ಆಸರೆ ಯೋಜನೆಯಲ್ಲಿ ಕಟ್ಟಿದ್ದು. ಅಲ್ಲಿಗೆ ಹೊಳೆ ಬರುವುದಿಲ್ಲ, ಸುಳ್ಳು ಹೇಳಬಾರದು. ಆದರೆ ನೆಲ ಎರೆ, ಕಪ್ಪು ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮೇಲಿರುವ ಗೋಡೆಯನ್ನೂ ಬಿಡಿಸುತ್ತದೆ. ಕಾಕಾನ ಆಸರೆ ಮನೆಯ ಬಿರುಕು ಮೊದಲು ಹಲ್ಲಿಯ ಬಾಲದಷ್ಟಿತ್ತು. ಆಮೇಲೆ ಹಲ್ಲಿಯೇ ಒಳಗೆ ಹೋಯಿತು. ಕೊನೆಗೆ ಪಕ್ಕದ ಮನೆಯ ಸೀರಿಯಲ್ಲು ಕಾಕುಗೆ ಪುಕ್ಕಟೆ ಕೇಳತೊಡಗಿತು.

ಎರೆ ನೆಲಕ್ಕೆ ಮದ್ದಿಲ್ಲ ಅಂತಲ್ಲ. ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಗುವ ತನಕ ಅಗೆಯಬೇಕು. ಎರೆ ತೀರಾ ಆಳವಿದ್ದರೆ ತಳದಲ್ಲಿ ಗಡ್ಡೆಯ ಹಾಗೆ ಊದಿಕೊಂಡ ಕಂಬ ಇಳಿಸಿ, ಮೇಲೆ ಬೀಮ್ ಕೂರಿಸಬೇಕು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ದಶಕಗಳ ಹಿಂದೆಯೇ ಹೇಳಿದೆ. ರೂರ್ಕಿಯಿಂದ ರೋಣ ದೂರ ಅಲ್ವಾ, ಸುದ್ದಿ ದಾರಿಯಲ್ಲಿರಬೇಕು.

ಬಿರುಕು ಹೋಗಲಿ, ಎತ್ತು ಎಲ್ಲಿ ಕಟ್ಟುವುದು? ಬಣವೆ ಎಲ್ಲಿ ಒಟ್ಟುವುದು? ಎತ್ತುಗಳ ಹೆಸರು ರೇಷನ್ ಕಾರ್ಡಿನಲ್ಲಿಲ್ಲ, ಹಾಗಾಗಿ ನಕ್ಷೆಯಲ್ಲೂ ಇಲ್ಲ. ಹಾಗಾಗಿ 2019ರ ನೆರೆಗೆ ಮೊದಲೇ ಆಸರೆ ಮನೆಗೆ ಬೀಗ ಹಾಕಿ ಕಾಕಾ ಹಳೇ ಊರಿಗೇ ಬಂದಿದ್ದ. ಬೀಗ ಹಾಕಿದ ಬಾಗಿಲ ಮುಂದೆ ಈಗ ಜಾಲಿಕಂಟಿ ಆಳೆತ್ತರ ಬೆಳೆದಿದೆ.

ಬಂದ 50,000ಕ್ಕೆ ಕೈಯಿಂದ ಇನ್ನಷ್ಟು ಹಾಕಿ ಬಿದ್ದ ಮನೆ ಎಬ್ಬಿಸಲು ಹೊರಟಾಗ ಗೌಂಡಿ ಕೇಳಿದ, ಹೆಂಗ ಕಟ್ಟೂಣು ಅಂತ.

"ಮೂರು ಗ್ವಾಡಿ ಗಟ್ಟಿ ಕಟ್ಟಪಾ," ಅಂದ ಕಾಕಾ. "ರಸ್ತೇ ಕಡೀದು ಅಷ್ಟ, ಫೋಟೋ ಹೊಡಿಯಾಕ ಬಂದ ದಿನಾನ ಬೀಳೂವಂಗ ಇರಲಿ."