ಮನಿಲಾದ ಕಲ್ಲುಮನೆಗಳಲ್ಲಿ ಸ್ಪೇನಿನ ಪಾಲೆಷ್ಟು?

ಫಿಲಿಪ್ಪೀನ್ಸಿನ ಹಳೆಯ ಕಟ್ಟಡಗಳೆಲ್ಲ ಸ್ಪೇನಿನವರ ಕೊಡುಗೆ ಎಂಬ ಮಾತನ್ನು ಇಲ್ಲಿನ ಪ್ರವಾಸಿ ಮಾರ್ಗದರ್ಶಿಗಳೂ ಆಡುತ್ತಾರೆ, ಊರಿನಿಂದ ನೋಡಲು ಬರುವ ನಮ್ಮ ನೆಂಟರೂ ಆಡುತ್ತಾರೆ. ಮನಿಲಾದಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಅದು ಅರ್ಧ ಮಾತ್ರ ಸರಿ ಎನ್ನಿಸುತ್ತದೆ. ಸ್ಪೇನಿನ ಹಿಡಿತ ಎದ್ದು ಕಾಣುವುದು ಊರುಗಳ ನಕ್ಷೆಯಲ್ಲಿ. ಗೋಡೆ, ಕಂಬ, ಕಿಟಕಿಗಳ ವಿಷಯದಲ್ಲಿ ಕೊನೆಯ ತೀರ್ಮಾನ ಭೂಕಂಪದ್ದು, ಮಳೆಯದು ಮತ್ತು ಇಲ್ಲಿ ದುಡಿದ ಬಡಗಿ, ಕಲ್ಲುಕುಟಿಗರದು.

ಸ್ಪೇನಿನ ದಂಡನಾಯಕ ಲೆಗಾಸ್ಪಿ 1571ರಲ್ಲಿ ಮನಿಲಾವನ್ನು ಸ್ಪೇನಿನ ನಗರವೆಂದು ಸ್ಥಾಪಿಸಿದಾಗ ಅಲ್ಲಿ ಎದ್ದ ಮನೆಗಳೂ ಬಿದಿರು ಮತ್ತು ನಿಪಾ ಎಂಬ ತಾಳೆಜಾತಿಯ ಗಿಡದ ಗರಿಗಳವೇ. 1583ರ ಬೆಂಕಿಯಲ್ಲಿ ಊರು ಸುಟ್ಟುಹೋದ ಮೇಲೆ ಜೆಸ್ವಿಟ್ ಪಾದ್ರಿ ಆಂಟೊನಿಯೊ ಸೆಡೆನ್ಯೊ ಕಲ್ಲಿನ ಕಟ್ಟಡಕ್ಕೆ ದಾರಿ ಮಾಡಿಕೊಟ್ಟರು. ಪಾಸಿಗ್ ನದಿಯ ದಂಡೆಯ ಗ್ವಾಡಲೂಪೆಯಲ್ಲಿ ಸಿಗುತ್ತಿದ್ದ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಗಲ್ಲು ದೋಣಿಗಳಲ್ಲಿ ಮನಿಲಾದ ಕೋಟೆಯೊಳಗೆ ಬಂತು. ಮೇಲಿನಿಂದ ಕೆಳಗಿನವರೆಗೆ ಕಲ್ಲಿನಲ್ಲೇ ಕಟ್ಟಿದ ಆ ಮನೆಗಳು ಸ್ಪೇನಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಿದ್ದವೇನೋ, ಆದರೆ 1645ರ ಭೂಕಂಪ ಅವುಗಳಿಗೆ ಇಲ್ಲಿನ ನೆಲದ ಪರಿಚಯ ಮಾಡಿಸಿತು. ಅಂಥ ಪೆಟ್ಟುಗಳನ್ನು ತಿಂದ ಮೇಲೆ ಗಟ್ಟಿಯಾಗಿ ನೆಲೆಗೊಂಡದ್ದು ಕೆಳಗೆ ಕಲ್ಲು, ಮೇಲೆ ಮರ ಇರುವ ಮಿಶ್ರ ಮನೆ, ಇಲ್ಲಿಯವರು ‘ಬಾಹಾಯ್ ನಾ ಬತೊ’, ಅಂದರೆ ಕಲ್ಲುಮನೆ, ಎಂದು ಕರೆಯುವಂಥದ್ದು.

ಹೆಸರಿಗೆ ಕಲ್ಲುಮನೆಯಾದರೂ ಅದರ ಭಾರ ಹೊರುವುದು ನೆಲದಿಂದ ಮಾಡಿನವರೆಗೆ ಏರುವ ಮೊಲಾವೆಯಂಥ ಗಟ್ಟಿಮರದ ಕಂಬಗಳು. ಕೆಳಗಿನ ಕಲ್ಲುಗೋಡೆ ಆ ಕಂಬಗಳ ಸುತ್ತ ಹೊದ್ದ ಶಾಲಿನಂತೆ ಇರುತ್ತದೆ. ನೆಲ ನಡುಗಿದಾಗ ಗೋಡೆ ಕಳಚಿ ಬಿದ್ದರೂ ಮೇಲಿನ ಚೌಕಟ್ಟು ತೂಗಾಡಿ ಉಳಿಯಬಲ್ಲದು. ಇದು ನೆಲದಿಂದೆತ್ತರಕ್ಕೆ ಕಂಬಗಳ ಮೇಲೆ ನಿಲ್ಲುವ ಹಳ್ಳಿಯ ಬಿದಿರುಮನೆ ‘ಬಾಹಾಯ್ ಕೂಬೊ’ದ ಹಳೆಯ ಯುಕ್ತಿಯೇ ಹೊರತು ಕಡಲಾಚೆಯಿಂದ ಬಂದದ್ದಲ್ಲ. ಮೇಲಂತಸ್ತಿನ ಕಿಟಕಿಗಳಲ್ಲಿ ಗಾಜಿನ ಬದಲು, ಬಿಸಿಲನ್ನು ಸೋಸಿ ಬಿಡುವ ಕಪೀಸ್ ಎಂಬ ಕಡಲಚಿಪ್ಪಿನ ಬಿಲ್ಲೆಗಳಿವೆ. ಅವುಗಳ ಚೌಕಟ್ಟನ್ನು ಪಕ್ಕಕ್ಕೆ ಸರಿಸಿದರೆ ಇಡೀ ಗೋಡೆಯೇ ತೆರೆದುಕೊಳ್ಳುತ್ತದೆ. ಅದರ ಕೆಳಗೆ, ಕಾಲಿನ ಮಟ್ಟದಲ್ಲಿ, ರಾತ್ರಿಯೂ ಗಾಳಿ ಬರಲೆಂದು ಕಟಾಂಜನದ ಪುಟ್ಟ ಕಿಂಡಿಗಳು. ಇದೇ ಚಿಪ್ಪಿನ ಕಿಟಕಿಗಳು ನಮ್ಮ ನೆರೆಯ ಗೋವೆಯ ಹಳೆಯ ಮನೆಗಳಲ್ಲಿಯೂ ಇರುವುದರಿಂದ ಕರಾವಳಿಯ ಕಡೆಯವರಿಗೆ ಇವು ತೀರ ಅಪರಿಚಿತವೆನಿಸಲಾರವು.

ಮಾಡಿನ ಕಥೆ ನನ್ನನ್ನು ಇನ್ನಷ್ಟು ಸೆಳೆಯುತ್ತದೆ. 1863ರ ಭೂಕಂಪದಲ್ಲಿ ಮನಿಲಾದ ಕೆಥೆಡ್ರಲ್ ಕುಸಿದ ಮೇಲೆ ಇಲ್ಲಿಯವರು ಭಾರದ ಹೆಂಚನ್ನು ಕೈಬಿಟ್ಟು ಸತುವು ಲೇಪಿಸಿದ ತಗಡಿಗೆ ಹೊರಳಿದರು. ಅದಾದ ಎರಡೇ ವರ್ಷಕ್ಕೆ, 1865ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದರು ಮತ್ತು ಆ ಹೆಂಚು ನಮ್ಮ ಕರಾವಳಿ, ಮಲೆನಾಡುಗಳ ಮಾಡನ್ನೆಲ್ಲ ಆವರಿಸಿತು. ಎರಡೂ ಕಡೆ ಧೋ ಎಂದು ಸುರಿಯುವ ಮಳೆ ಇದೆ, ಎರಡೂ ಕಡೆ ಯುರೋಪಿನವರಿದ್ದರು. ವ್ಯತ್ಯಾಸವಿದ್ದದ್ದು ಕಾಲ ಕೆಳಗಿನ ನೆಲದಲ್ಲಿ.

ಚರ್ಚುಗಳೂ ಇದೇ ಒತ್ತಡಕ್ಕೆ ಮಣಿದಿವೆ. ಉತ್ತರದ ಪಾವಾಯ್ ಚರ್ಚಿನ ಎರಡೂ ಬದಿಗೆ ದೈತ್ಯಾಕಾರದ ಆನಿಕೆಗೋಡೆಗಳಿವೆ, ಗಂಟೆಗೋಪುರ ಮಾತ್ರ ದೂರದಲ್ಲಿ ಬೇರೆಯಾಗಿ ನಿಂತಿದೆ. ಮಿಯಾಗಾವ್ ಚರ್ಚಿನ ಮುಂಗೋಡೆಯಲ್ಲಿ ಸಂತ ಕ್ರಿಸ್ಟೋಫರನ ಸುತ್ತ ತೆಂಗು, ಪಪ್ಪಾಯಿಗಳು ಕಲ್ಲಿನಲ್ಲಿ ಬೆಳೆದಿವೆ. 1891ರಲ್ಲಿ ಪ್ರತಿಷ್ಠೆಯಾದ ಮನಿಲಾದ ಸಾನ್ ಸೆಬಾಸ್ಟಿಯನ್ ಚರ್ಚನ್ನಂತೂ, ಕಲ್ಲಿನ ಸಹವಾಸವೇ ಬೇಡವೆಂದು, ಬೆಲ್ಜಿಯಮ್ಮಿನಿಂದ ತರಿಸಿದ ಉಕ್ಕಿನ ಬಿಡಿಭಾಗಗಳಿಂದ ಕಟ್ಟಿದರು. ಈಗ ಅದನ್ನು ಕಾಡುತ್ತಿರುವುದು ತುಕ್ಕು.

ಹಾಗಾದರೆ ಬಾಗದೆ ಉಳಿದದ್ದು ಯಾವುದು? ಎರಡನೆಯ ಫಿಲಿಪ್ ದೊರೆ 1573ರಲ್ಲಿ ಹೊರಡಿಸಿದ ನಗರ ನಿರ್ಮಾಣದ ಆಜ್ಞೆಗಳು ನಡುವೆ ಚೌಕ, ಅದರ ಅಂಚಿಗೆ ಚರ್ಚು ಮತ್ತು ಆಡಳಿತದ ಮನೆ, ಅಲ್ಲಿಂದ ನೇರವಾಗಿ ಹೊರಡುವ ಬೀದಿಗಳು ಎಂಬ ಅಚ್ಚನ್ನು ಕೊಟ್ಟವು. ಚದುರಿ ಬದುಕುತ್ತಿದ್ದ ಜನರನ್ನು ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರಕ್ಕೆ ತಂದು ಕೂಡಿಸುವ ಧೋರಣೆ ಇದಕ್ಕೆ ಜೊತೆಯಾಯಿತು. ಸಿರಿವಂತರ ಮನೆಗಳು ಚೌಕದ ಬಳಿ, ಬಡವರ ಬಿದಿರುಮನೆಗಳು ದೂರದಲ್ಲಿ. ಮನಿಲಾದ ಚೀನೀಯರಂತೂ ಕೋಟೆಯ ಹೊರಗೆ, ಫಿರಂಗಿಯ ಗುಂಡು ತಲುಪುವಷ್ಟು ಅಂತರದ ಪಾರಿಯನ್ ಎಂಬ ಕೇರಿಯಲ್ಲಿ. ಈ ಕಟ್ಟಡಗಳ ಕಲ್ಲು ಹೊತ್ತವರಲ್ಲಿ ಅನೇಕರು ಹದಿನಾರರಿಂದ ಅರವತ್ತರ ವಯಸ್ಸಿನ ಗಂಡಸರ ಮೇಲೆ ಹೇರಿದ್ದ, ವರ್ಷಕ್ಕೆ 40 ದಿನಗಳ ಬಿಟ್ಟಿ ದುಡಿಮೆಗೆ ಬಂದವರು. ಆ ದಿನಗಳು 15ಕ್ಕೆ ಇಳಿದದ್ದು 1884ರಲ್ಲಿ.

ಇದನ್ನು ಖಂಡಿಸುವಾಗ ನಾನು ತುಸು ತಡೆಯುತ್ತೇನೆ. ದೇವಸ್ಥಾನಕ್ಕೆ ಅಗ್ರಹಾರ ಎಷ್ಟು ಹತ್ತಿರವಿರಬೇಕು, ದಲಿತರ ಕೇರಿ ಎಷ್ಟು ದೂರವಿರಬೇಕು ಎಂಬುದನ್ನು ನಮ್ಮ ಊರುಗಳಿಗೆ ಹೇಳಿಕೊಡಲು ಸ್ಪೇನಿನ ದೊರೆಯೇನೂ ಬೇಕಾಗಿರಲಿಲ್ಲ.

ಆದರೂ ಹಳೆಯ ಆಳರಸರ ಕಟ್ಟಡಗಳನ್ನು ಕಾಣುವ ನಮ್ಮ ಕಣ್ಣಿಗೂ ಇವರ ಕಣ್ಣಿಗೂ ಅಂತರವಿದೆ. ಬೆಂಗಳೂರಿನಲ್ಲಿ ಬ್ರಿಟಿಷರು 1809ರಿಂದ ದಂಡು ಪ್ರದೇಶವನ್ನು ಬೇರೆಯಾಗಿಯೇ ಕಟ್ಟಿಕೊಂಡರು. ಪೇಟೆ ಪೇಟೆಯಾಗಿಯೇ ಉಳಿಯಿತು. ಸ್ವಾತಂತ್ರ್ಯದ ನಂತರ ಅಠಾರಾ ಕಚೇರಿಯ ಎದುರಿಗೆ ಕೆಂಗಲ್ ಹನುಮಂತಯ್ಯನವರು ವಿಧಾನಸೌಧವನ್ನು ಉತ್ತರವೆಂಬಂತೆ ಎಬ್ಬಿಸಿದಾಗ ಅವರ ಬೆನ್ನಿಗೆ ಬಾದಾಮಿ, ಬೇಲೂರು, ಹಂಪೆಗಳ ಕಲ್ಲಿನ ನೆನಪಿತ್ತು. ಫಿಲಿಪಿನೊಗಳ ಸ್ಪೇನ್‌ಪೂರ್ವ ಕಟ್ಟಡಗಳು ಬಿದಿರು ಮತ್ತು ಮರದವಾದ್ದರಿಂದ ಅಂಥ ಉತ್ತರಕ್ಕೆ ಒದಗುವಂತೆ ಉಳಿದಿರಲಿಲ್ಲ. ಸ್ಪೇನಿನವರ ನಂತರ ಅಮೆರಿಕನ್ನರು ಬಂದು, 1905ರಲ್ಲಿ ವಾಸ್ತುಶಿಲ್ಪಿ ಡೇನಿಯಲ್ ಬರ್ನಹ್ಯಾಮ್ ಕೈಯಲ್ಲಿ ಮನಿಲಾಕ್ಕೂ ಬೆಟ್ಟದ ಊರಾದ ಬಾಗಿಯೊಗೂ ಯೋಜನೆ ಬರೆಸಿ, ಗ್ರೀಕ್ ಕಂಬಗಳ ಕಾಂಕ್ರೀಟ್ ಸೌಧಗಳನ್ನು ಎಬ್ಬಿಸಿದರು. ಎರಡನೆಯ ಮಹಾಯುದ್ಧದ ಕೊನೆಗೆ, 1945ರ ಫೆಬ್ರವರಿಯ ಕಾಳಗದಲ್ಲಿ ಕೋಟೆಯೊಳಗಿನ ಮನಿಲಾ ನೆಲಸಮವಾಗಿ, 1607ರ ಸಾನ್ ಅಗಸ್ಟಿನ್ ಚರ್ಚು ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಇಷ್ಟೆಲ್ಲ ಆದ ಮೇಲೆ ಇವರು ಕಲ್ಲುಮನೆಯನ್ನು ಅಜ್ಜನ ಮನೆಯೆಂದೇ ಅಪ್ಪಿಕೊಂಡಿದ್ದಾರೆ, ಮತ್ತು ಅದನ್ನು ರೂಪಿಸಿದ ಕೈಗಳನ್ನು ನೆನೆದರೆ ಅದು ಅವರ ಹಕ್ಕು.

ನನ್ನ ತಕರಾರಿರುವುದು ಆ ಪ್ರೀತಿ ತಳೆಯುವ ರೂಪದ ಬಗ್ಗೆ. ಬತಾನ್ ಪ್ರಾಂತದ ಬಗಾಕ್‌ನಲ್ಲಿ, ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದ ಹಳೆಯ ಮನೆಗಳನ್ನು ಕಡಲ ದಂಡೆಯಲ್ಲಿ ಮತ್ತೆ ಜೋಡಿಸಿ ವಿಹಾರಧಾಮ ಮಾಡಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹೀಗೆಯೇ ಮನೆಗಳನ್ನು ತಂದು ನಿಲ್ಲಿಸಿದ್ದನ್ನು ನಾವು ಬಲ್ಲೆವು. ಕಳಚಿ ಬೀಳಲಿದ್ದ ಕಂಬ, ಕೆತ್ತನೆಗಳು ಎರಡೂ ಕಡೆ ಉಳಿದವು ಎಂಬುದು ನಿಜವೇ, ಮತ್ತು ಮಣಿಪಾಲದ್ದು ಕೊನೆಯಪಕ್ಷ ವಸ್ತುಸಂಗ್ರಹಾಲಯ. ಆದರೆ ಬಗಾಕ್‌ನ ಚೌಕದ ಸುತ್ತ ಈಗ ಎಲ್ಲ ಮನೆಗಳೂ ಸಮನಾಗಿ ಚೆಂದ ಕಾಣುತ್ತವೆ. ಯಾವುದು ಚರ್ಚಿನ ಎದುರಿನದು, ಯಾವುದು ಹಿಂದಿನ ಬೀದಿಯದು, ಅದರ ಒಡೆಯರ ಗದ್ದೆಯಲ್ಲಿ ದುಡಿದವರು ಅಲ್ಲಿಂದ ಎಷ್ಟು ದೂರದಲ್ಲಿದ್ದರು ಎಂಬುದನ್ನು ಅಲ್ಲಿ ನಿಂತು ಓದಲು ಸಾಧ್ಯವಿಲ್ಲ. ವೀಗಾನ್ ಪಟ್ಟಣದ ಹಳೆಯ ಬೀದಿಗಳಲ್ಲಿ ಮನೆಗಳು ಇದ್ದಲ್ಲೇ ಇರುವುದರಿಂದ ಅದನ್ನು ಇಂದಿಗೂ ಓದಬಹುದು. ಆದ್ದರಿಂದ ಊರಿನಿಂದ ನೆಂಟರು ಬಂದು ಎಲ್ಲಿಗೆ ಹೋಗೋಣವೆಂದು ಕೇಳಿದರೆ ನಾನು ಬಗಾಕ್‌ನ ಮಾತೆತ್ತುವುದಿಲ್ಲ, ದಾರಿ ದೂರವಾದರೂ ವೀಗಾನ್‌ಗೆ ಹೋಗಿ ಎನ್ನುತ್ತೇನೆ.